ಮೀನಿದ್ದಲ್ಲಿ ಎಲೆ

“ದಾರಿ ನಂದೇ, ಮೇಡಂ. ಗೆರೆ ನಂದಲ್ಲ.”

ಪ್ರಮೀಳಾ ಮತ್ತೆ ಅದನ್ನೇ ಹೇಳಿದಳು. ಪಾಂಡವಪುರದ ಸಬ್ ಇನ್ಸ್‌ಪೆಕ್ಟರ್ ಶ್ರೀಕರ ಟೋಪಿ ತೆಗೆದು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದ. ಅವನು ನನ್ನ ಅಣ್ಣನ ಮಗ. ಖಾಕಿ ಹಾಕಿದ ಮೇಲೆ ಎಲ್ಲರೆದುರು ಗಂಟಲು ದೊಡ್ಡದು ಮಾಡುತ್ತಾನೆ, ನನ್ನೆದುರು ಮಾತ್ರ ಇನ್ನೂ ಹಳೆಯ ಹುಡುಗನೇ.

“ನೋಡಿದ್ರಾ ಅತ್ತೆ, ಬೆಳಗಿನಿಂದ ಇದೇ ರಾಗ.”

“ಸುಳ್ಳು ಹೇಳುವವರು ಸಲಕ್ಕೊಂದು ರಾಗ ಹಾಡ್ತಾರೆ ಕಣೋ. ಇವಳು ಒಂದನ್ನೇ ಹಾಡ್ತಿದ್ದಾಳೆ. ಸುಮ್ನೆ ಕೇಳು.”

ಮೊನ್ನೆ ರಾತ್ರಿ ಸಿಂಧಘಟ್ಟದಿಂದ ಹೊಣಕೆರೆಗೆ ಹೋಗುವ ಅಡ್ಡದಾರಿಯಲ್ಲಿ ಪಶುವೈದ್ಯರೊಬ್ಬರ ಜೀಪು ನೇರವಾಗಿ ತುಂಬಿದ ನಾಲೆಗೆ ಇಳಿದಿತ್ತು. ಡ್ರೈವರ್ ರವೀಂದ್ರ ಮಂಡ್ಯದ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ. ಜೀಪಿನಲ್ಲಿ ಸಿಕ್ಕ ನಕ್ಷೆಯ ನಕಲಿನಲ್ಲಿ ಆ ನಾಲೆಯನ್ನು ದಾಟಿ ದಾರಿ ಸರಾಗವಾಗಿ ಮುಂದೆ ಹೋಗಿತ್ತು. ಇಲ್ಲಿ ಗೋಡೆಯ ಮೇಲಿನ ಮೂಲ ನಕ್ಷೆಯಲ್ಲಿ ಅದೇ ದಾರಿಯ ಪಕ್ಕ ‘ಪ್ರಮೀಳಾ, ಅರಕೆರೆ’ ಎಂದು ಬರೆದಿತ್ತು.

ನಾವು ನಿಂತಿದ್ದ ಜಾಗವನ್ನು ಊರಿನವರು ದಾರಿಮನೆ ಎನ್ನುತ್ತಾರೆ. ಹಿಂದೆ ಬೆಲ್ಲದ ಮಂಡಿಯಾಗಿತ್ತು, ಮಳೆ ಬಿದ್ದರೆ ಗೋಡೆ ಈಗಲೂ ಬೆಲ್ಲದ ವಾಸನೆ ಬಿಡುತ್ತದೆ. ಒಳಗೊಂದು ಗೋಡೆ ತುಂಬ ನಕ್ಷೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ದಾರಿಗಳನ್ನು ಸರ್ಕಾರ ಬರೆದದ್ದಲ್ಲ, ನಡೆದವರೇ ಬಂದು ಬರೆದದ್ದು. ಲಾರಿಯವರು, ಹಸುವಿನ ಡಾಕ್ಟರು, ಮದುವೆ ವ್ಯಾನಿನವರು ಬಂದು ಟ್ರೇಸಿಂಗ್ ಕಾಗದ ಹಿಡಿದು ತಮಗೆ ಬೇಕಾದ ತುಂಡು ನಕಲು ಮಾಡಿಕೊಂಡು ಹೋಗುತ್ತಾರೆ.

ಇದನ್ನು ಶುರು ಮಾಡಿದವರು ಜಯರಾಮಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಾನು ಭೂಗೋಳ, ಅವರು ಡ್ರಾಯಿಂಗ್, ಒಂದೇ ಶಾಲೆಯಲ್ಲಿ ವರ್ಷಗಟ್ಟಲೆ ಒಂದೇ ಸ್ಟಾಫ್ ರೂಮಿನ ಚಹಾ ಕುಡಿದವರು. ಹೊಸದಾಗಿ ಬಂದವರಿಗೆ ಅವರು ಪಾಠ ಹೇಳುವುದನ್ನು ನಾನೇ ಕೇಳಿದ್ದೇನೆ. ಕೇಳಿದ ದಾರಿ ಬರೆಯಬೇಡಿ, ನಡೆದ ದಾರಿ ಬರೆಯಿರಿ. ಹೊಸ ದಾರಿಯ ಎರಡು ತುದಿಯೂ ಹಳೆಯ ದಾರಿಗೆ ಸೇರಬೇಕು, ನಡುವೆ ನೇತಾಡಬಾರದು. ಮೊದಲು ಪೆನ್ಸಿಲ್. ಶಾಯಿ ಮುಟ್ಟುವ ಅಧಿಕಾರ ಅವರೊಬ್ಬರದೇ.

ವರ್ಷವಿಡೀ ನಡೆಯುವ ದಾರಿಗೆ ಕಡಿಯದ ಗೆರೆ, ಬೇಸಿಗೆಯಲ್ಲಿ ಮಾತ್ರ ನಡೆಯುವ ದಾರಿಗೆ ತುಂಡು ಗೆರೆ. ನೀರು ಬಂದು ದಾರಿ ಮುಚ್ಚುವ ಕಡೆ ಒಂದು ಮೀನು. ಕೂತು ದಣಿವಾರಿಸಿಕೊಳ್ಳಲು ಮರವಿದ್ದರೆ ಒಂದು ಎಲೆ. ಓದು ಬಾರದವರಿಗೂ ತಿಳಿಯಲಿ ಎಂದು ಮೇಷ್ಟ್ರೇ ಮಾಡಿದ ಗುರುತುಗಳು.

“ನಾನು ತುಂಡು ಗೆರೆ ಬರ್ದಿದ್ದು. ಮೀನೂ ಬರ್ದಿದ್ದೆ,” ಎಂದಳು ಪ್ರಮೀಳಾ. “ಅಕ್ಕನ್ನ ಸಿಂಧಘಟ್ಟಕ್ಕೆ ಕೊಟ್ಟವ್ರೆ. ಬೇಸಿಗೇಲಿ ನಾನೂ ಅಕ್ಕನೂ ಹೊಣಕೆರೆಗೆ ಅದೇ ದಾರೀಲಿ ನಡ್ಕೊಂಡು ಹೋದ್ವಿ. ನಾಲೆ ಒಣಗಿತ್ತು. ಗಾಡಿಯೋರು ಎರಡೂ ದಡ ಕಡುದು ಇಳಿಜಾರು ಮಾಡ್ಕೊಂಡಿದ್ರು.”

“ನಕ್ಷೇಲಿ ಮೀನೆಲ್ಲಿದೆಯಮ್ಮ?” ಎಂದ ಶ್ರೀಕರ. “ಎಲೆ ಇದೆ. ಗೆರೆ ಎಲ್ಲೂ ಕಡಿದಿಲ್ಲ.”

“ನಮ್ದು ಅರಕೆರೆ ಸಾರ್. ನಾಲೆ ನೀರು ಕುಡುದು ಬೆಳ್ದೋಳು ನಾನು. ನೀರು ಬುಟ್ರೆ ದಾರಿ ಇರಲ್ಲ ಅಂತ ನಂಗೆ ಗೊತ್ತಿಲ್ವಾ? ಮೀನು ಹೋಗ್ಲಿ ಬುಡಿ, ಅಡ್ಡ ಕಟ್ಟಿದ್ದ ನೊಗ ಕಂಡೂ ಯಾರಾದ್ರೂ ಜೀಪು ಇಳುಸ್ತಾರಾ?”

ಶ್ರೀಕರ ಇನ್ನೊಂದು ಬಾಣ ಬಿಟ್ಟ. “ರವೀಂದ್ರನ ಮನೆಯವರು ನಿನ್ನನ್ನ ಕೇಳ್ಕೊಂಡು ಬಂದಿದ್ರಂತೆ. ನಿಮ್ಮಪ್ಪ ಕೊಡಲ್ಲ ಅಂದ್ರಂತೆ. ಆಮೇಲೆ ಎರಡು ಮನೆಗೂ ಜಗಳ.”

“ಅದು ದೊಡ್ಡೋರ ಜಗಳ. ನಂಗೂ ಅವ್ನಿಗೂ ಮಾತೇ ಇಲ್ಲ.”

ಎಡಗೈಯಲ್ಲಿ ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದು ಇಟ್ಟಳು. ಬಲಗೈ ಸೆರಗಿನೊಳಗಿತ್ತು. ಹೆದರಿದ್ದಾಳೆ ಪಾಪ, ಎಂದುಕೊಂಡೆ.

ಹೊರಗೆ ಬಂದಾಗ ಶ್ರೀಕರ ದನಿ ತಗ್ಗಿಸಿದ. “ಅತ್ತೆ, ಆ ಹುಡುಗ ಸತ್ತರೆ ಇದು ಬೇರೆ ಕೇಸಾಗುತ್ತೆ. ಬೇಕೂಂತಲೇ ಸುಳ್ಳು ದಾರಿ ಬರೆದಳು ಅಂತ ಅವರ ಕಡೆಯವರು ಬರೆದುಕೊಟ್ಟಿದ್ದಾರೆ. ಸರ್ಕಲ್ ಇನ್ಸ್‌ಪೆಕ್ಟರು ಇವತ್ತು ಸಂಜೆಯೊಳಗೆ ಕರ್ಕೊಂಡು ಬಾ ಅಂದಿದ್ದಾರೆ.”

“ಸಂಜೆಯವರೆಗೆ ಅವಳು ನನ್ನ ಜವಾಬ್ದಾರಿ.”

“ನಿಮ್ಮ ಶಿಷ್ಯೆ ಅಂತ…”

“ಹೌದು, ನನ್ನ ಶಿಷ್ಯೆ. ನಕ್ಷೆ ಬರೆಯೋದು ಅವಳಿಗೆ ಕಲಿಸಿದ್ದು ನಾನು. ಬೇಸಿಗೆ ನಾಲೆಯನ್ನ ಖಾಯಂ ರಸ್ತೆ ಅಂತ ಬರೆಯೋ ಹುಡುಗಿಯನ್ನ ನಾನು ಪಾಸ್ ಮಾಡಿಲ್ಲ.”

ಮಾತು ಜೋರಾಗಿತ್ತು. ನನ್ನ ನಾಲಿಗೆಗೆ ಎಲುಬಿಲ್ಲ ಎಂದು ಅಣ್ಣ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಪ್ರಮೀಳಾಳನ್ನು ನಾಲೆಯ ಹತ್ತಿರ ಜೊತೆಗೆ ಬಾ ಎಂದು ಕರೆದೆ. ತಲೆನೋವು, ಇಲ್ಲೇ ಕೂತಿರುತ್ತೇನೆ ಎಂದಳು. ಬಲವಂತ ಮಾಡಲಿಲ್ಲ.

*

ಕೆ.ಆರ್.ಪೇಟೆ ಬಸ್ಸು ಹಿಡಿದು, ಸಿಂಧಘಟ್ಟದ ದಾರಿಯಲ್ಲಿ ಒಂದು ಟೆಂಪೋ ಹತ್ತಿ, ಉಳಿದದ್ದನ್ನು ನಡೆದೆ. ನಡೆದ ದಾರಿಯನ್ನೇ ನಂಬಬೇಕು ಎನ್ನುವುದು ಮೇಷ್ಟ್ರ ನಿಯಮ ತಾನೆ.

ನಾಲೆ ದಡ ಮುಟ್ಟಿ ಹರಿಯುತ್ತಿತ್ತು. ಗಾಡಿ ಇಳಿಜಾರು ಆ ಬದಿಯಲ್ಲೂ ಈ ಬದಿಯಲ್ಲೂ ಹಾಗೇ ಇತ್ತು, ನಡುವೆ ಮಾತ್ರ ಕೆಂಪು ನೀರು. ಕತ್ತಲಲ್ಲಿ ಬಂದವನಿಗೆ ನಿಜವಾಗಿಯೂ ರಸ್ತೆ ಹಾಗೇ ಇಳಿದು ಮುಂದೆ ಹೋದಂತೆ ಕಾಣಬೇಕು. ಜೀಪನ್ನು ಎಳೆದು ದಡಕ್ಕೆ ಹಾಕಿದ್ದರು. ಸೀಟಿನ ತುಂಬ ಕೆಸರು.

ದಡದ ಪಕ್ಕದಲ್ಲೇ ಒಂದು ಹೆಂಚಿನ ಮನೆ. ಎಮ್ಮೆ ಕಟ್ಟಿಕೊಂಡು ಬದುಕುವ ಸಿದ್ದಲಿಂಗಮ್ಮ ಅಲ್ಲಿದ್ದಳು. ಕೇಳುವ ಮೊದಲೇ ಒಂದು ಚೊಂಬು ನೀರು, ಒಂದು ಉಂಡೆ ಬೆಲ್ಲ ತಂದಿಟ್ಟಳು. ಎರಡನ್ನೂ ಮುಗಿಸಿ ಸುತ್ತ ಕಣ್ಣಾಡಿಸಿದೆ.

“ಇಲ್ಲಿ ದೊಡ್ಡ ಮರ ಯಾವುದಮ್ಮ? ಕೂತು ಸುಧಾರಿಸಿಕೊಳ್ಳುವಂಥದ್ದು?”

“ಮರ ಎಲ್ ಬಂತು ಕನವ್ವ? ಈ ನಾಲೆ ತೋಡ್ದಾಗ್ಲೇ ಎಲ್ಲಾ ಕಡುದ್ರು. ನೆಳ್ಳು ಬೇಕು ಅಂದ್ರೆ ನನ್ ಕೊಟ್ಟಿಗೆ ಸೂರೇಯ.”

ಎಲೆಯ ಗುರುತು ಹಾಕಿದ ಜಾಗದಲ್ಲಿ ಮರವೇ ಇಲ್ಲ. ನನಗೆ ಆಗ ನಕ್ಷೆಯ ಆ ಎಲೆ ಕಣ್ಣಿಗೆ ಕಟ್ಟಿತು. ಎಲೆಗೆ ತೊಟ್ಟು ಒಂದೇ ಇರುತ್ತದೆ. ಆ ಎಲೆಯ ತೊಟ್ಟು ಕೊನೆಯಲ್ಲಿ ಕವಲೊಡೆದಿತ್ತು. ಜೀವಮಾನವೆಲ್ಲ ಎಲೆ ಹೂವು ಬರೆಸಿದ ಡ್ರಾಯಿಂಗ್ ಮೇಷ್ಟ್ರು ಎಲೆಗೆ ಕವಲು ತೊಟ್ಟು ಬರೆಯುತ್ತಾರೆಯೇ?

“ನೀರು ಬಿಟ್ಟ ಮೇಲೆ ದಾರಿ ಮುಚ್ಚೋದಿಲ್ವಾ ನೀವು?”

“ಮುಚ್ದೆ ಬುಡ್ತೀವಾ? ವರ್ಸ ವರ್ಸ ಜಾಲಿ ಮುಳ್ಳು ಹಾಕ್ತೀವಿ. ಈ ಸಲ ಮುಳ್ಳೆಲ್ಲಾ ಕಬ್ಬಿನ ಗದ್ದೆ ಬೇಲಿಗೆ ಒಂಟೋಯ್ತು. ಅದ್ಕೇ ನೀರ್ ಬುಟ್ಟ ದಿನ ನಮ್ ಹಳೇ ಗಾಡಿ ನೊಗ್ವ ಅಡ್ಡ ಕಟ್ಟಿ, ಕೆಂಪು ಬಟ್ಟೆ ಸುತ್ತುದ್ವು. ಅಗೋ ನೋಡು, ಅಲ್ಲದೆ.”

ನೊಗ ಗೂಟದ ಪಕ್ಕ ಒರಗಿ ನಿಂತಿತ್ತು. ಮುರಿದಿರಲಿಲ್ಲ, ಗೀರು ಕೂಡ ಇರಲಿಲ್ಲ. ಜೀಪು ಅದಕ್ಕೆ ತಗುಲಿಯೇ ಇಲ್ಲ. ಹಗ್ಗವನ್ನು ಕೈಗೆ ತೆಗೆದುಕೊಂಡೆ. ಕೊಯ್ದಿರಲಿಲ್ಲ, ಗಂಟು ಬಿಚ್ಚಿದ್ದರು. ಬಿಚ್ಚಿದ ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿ ನೊಗದ ಮೇಲೇ ಇಟ್ಟಿದ್ದರು.

“ಇದನ್ನು ನೀವು ಎತ್ತಿಟ್ಟಿದ್ದಾ?”

“ಇಲ್ಲ ಕನವ್ವ. ಜೀಪು ಬಿದ್ದ ಸಬ್ದಕ್ಕೆ ಓಡ್ಬಂದಾಗ್ಲೇ ಅಂಗೇ ಇತ್ತು. ಯಾವ ಬೇವರ್ಸಿ ಬಿಚ್ಚುದ್ನೋ.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಪಾಪ, ಆ ಉಡ್ಗ. ನನ್ ಮೈದುನಾನೂ ಪಕ್ಕದ್ ಅಟ್ಟಿಯೋನೂ ಹಗ್ಗ ಕಟ್ಕೊಂಡು ಇಳುದ್ರು. ಜೀಪಿನ ಎಡಗಡೆ ಸೀಟ್ನಲ್ಲಿ ಸಿಕ್ಕಾಕೊಂಡಿದ್ನಂತೆ. ಆ ಕಡೆಯಿಂದ್ಲೇ ಈಚ್ಗೆ ಎಳುದ್ರು. ಅವ್ನು ಬದುಕ್ಲಿ ಅಂತ ಚಲುವನಾರಾಯಣಂಗೆ ಕಾಣ್ಕೆ ಕಟ್ಟೀವ್ನಿ.”

ನನ್ನ ತಲೆಯಲ್ಲಿ ಎಲೆಯೇ ಸುತ್ತುತ್ತಿತ್ತು. ಉಳಿದದ್ದನ್ನು ಕಿವಿ ಕೇಳಿತು, ಬುದ್ಧಿ ತೆಗೆದುಕೊಳ್ಳಲಿಲ್ಲ.

*

ಮರಳಿ ದಾರಿಮನೆ ಮುಟ್ಟುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಪ್ರಮೀಳಾ ಹೊರಜಗಲಿಯಲ್ಲಿ ಕೂತು ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದಳು. ಒಳಗೆ ಜಯರಾಮಯ್ಯನವರು ಒಬ್ಬರೇ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಅವರ ಪ್ರಾಣವಾದ ಆ ಸಣ್ಣ ಮೊನೆಯ ಲೇಖನಿ.

“ಬನ್ನಿ ರುಕ್ಮಿಣಮ್ಮನವರೇ. ಬಿಸಿಲಲ್ಲಿ ಸುತ್ತಾಡಿ ಬಂದಿದ್ದೀರಿ. ಫ್ಲಾಸ್ಕಲ್ಲಿ ಕಾಫಿ ಇದೆ.”

“ಕಾಫಿ ಆಮೇಲೆ. ಆ ಸಿಂಧಘಟ್ಟದ ಹಾಳೆ ಕೆಳಗಿಳಿಸಿ.”

ಅವರ ಕೈ ಫ್ಲಾಸ್ಕಿನ ಮುಚ್ಚಳದ ಮೇಲೆ ನಿಂತಿತು. “ಹಾಳೆ ಇಳಿಸೋ ಪದ್ಧತಿ ಇಲ್ಲ ಇಲ್ಲಿ. ಮೂಲೆ ಹರಿದುಹೋಗುತ್ತೆ.”

“ಹರಿದರೆ ಅಂಟಿಸೋಣ.”

“ಪೊಲೀಸಿನವರು ನೋಡಿ ಆಗಿದೆಯಲ್ಲ. ಆ ಹುಡುಗಿ ಪೆನ್ಸಿಲಲ್ಲಿ ಬರೆದದ್ದರ ಮೇಲೆ ನಾನು ಶಾಯಿ ಎಳೆದೆ, ಅಷ್ಟೇ. ನನ್ನ ಮೇಲೇ ಅನುಮಾನವಾ ನಿಮಗೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಇನ್ನೂ ಯಾರ ಹೆಸರನ್ನೂ ಎತ್ತಿರಲಿಲ್ಲ.

ಗುಂಡುಸೂಜಿಗಳನ್ನು ನಾನೇ ಕಿತ್ತೆ. ಅವರು ಅಡ್ಡ ಬರಲಿಲ್ಲ, ಕುರ್ಚಿಯಲ್ಲಿ ಕುಸಿದು ನೋಡುತ್ತ ಕೂತರು. ಹಾಳೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ, ಕಣ್ಣು ಮುಚ್ಚಿ, ಹಿಂಬದಿಯಲ್ಲಿ ಬೆರಳಾಡಿಸಿದೆ.

ಭೂಗೋಳದ ಟೀಚರಿಗೆ ಇದೇನು ಹೊಸ ವಿದ್ಯೆಯಲ್ಲ. ಭಾರತದ ನಕ್ಷೆಯಲ್ಲಿ ಗೋದಾವರಿಯನ್ನು ತಪ್ಪಾಗಿ ಬರೆದು, ರಬ್ಬರಿನಲ್ಲಿ ಅಳಿಸಿ, “ಮಿಸ್, ನಾನು ಮೊದ್ಲೇ ಸರಿಯಾಗೇ ಬರ್ದಿದ್ದೆ” ಎಂದು ಮಾರ್ಕ್ಸ್ ಕೇಳಿಕೊಂಡು ಬರುವ ಮಕ್ಕಳನ್ನು ನಾನು ಹೀಗೇ ಹಿಡಿಯುತ್ತಿದ್ದೆ. ಹೊಸಬರು ಪೆನ್ಸಿಲನ್ನು ಕಾಗದ ತೂತಾಗುವಂತೆ ಒತ್ತುತ್ತಾರೆ. ಮುಂದೆ ಅಳಿಸಿದರೂ ಹಿಂದೆ ಉಬ್ಬು ಉಳಿಯುತ್ತದೆ. ಮೇಷ್ಟ್ರ ಲೇಖನಿ ಮಾತ್ರ ಕಾಗದವನ್ನು ಸವರಿಕೊಂಡು ಹೋಗುತ್ತದೆ, ಗುರುತೇ ಬಿಡುವುದಿಲ್ಲ.

ಬೆರಳಿಗೆ ಉಬ್ಬು ಸಿಕ್ಕಿತು. ಒಂದು ತುಂಡು, ನಡುವೆ ನುಣುಪು, ಮತ್ತೊಂದು ತುಂಡು, ಮತ್ತೆ ನುಣುಪು. ನಾಲೆ ದಾಟುವ ಜಾಗದಲ್ಲಿ ಬಾದಾಮಿಯಂಥ ಒಂದು ಉಬ್ಬು, ಅದಕ್ಕೊಂದು ಬಾಲ, ಒಂದು ಕಣ್ಣಿನ ಚುಕ್ಕೆ.

“ಮೇಷ್ಟ್ರೇ, ಇಲ್ಲಿ ಬೆರಳಿಡಿ.”

ಅವರು ಇಡಲಿಲ್ಲ.

“ಮುಟ್ಟೋದು ಬೇಡ ಅಲ್ವೇ? ಗೊತ್ತಿರೋದನ್ನ ಮುಟ್ಟಿ ನೋಡಬೇಕಾಗಿಲ್ಲ. ಹುಡುಗಿ ಬರೆದದ್ದು ತುಂಡು ಗೆರೆ, ಮೀನು. ತುಂಡುಗಳನ್ನ ಕೂಡಿಸಿದ್ದು ನೀವು. ಮೀನಿನ ಬಾಲವನ್ನ ತೊಟ್ಟು ಮಾಡಿ, ಕಣ್ಣಿನ ಮೇಲೆ ನರ ಎಳೆದು, ಎಲೆ ಮಾಡಿದ್ದೂ ನೀವು. ಮರವೇ ಇಲ್ಲದ ಕಡೆ ಎಲೆ!”

“ರುಕ್ಮಿಣಮ್ಮನವರೇ, ಮೆಲ್ಲಗೆ…”

“ಯಾಕೆ ಮೆಲ್ಲಗೆ? ಬೆಳಗಿನಿಂದ ಆ ಮಗು ಹೊರಗೆ ಕೂತಿದೆ. ಸಂಜೆಗೆ ಸ್ಟೇಷನ್ನಿಗೆ ಕರೆದುಕೊಂಡು ಹೋಗ್ತಾರೆ. ನೀವು ಇಸ್ತ್ರಿ ಅಂಗಿ ಹಾಕ್ಕೊಂಡು ಕಾಫಿ ಕುಡೀತಾ ಕೂತಿದ್ದೀರಿ. ನಾಚಿಕೆ ಆಗಲ್ವೇ?”

ಗೆಳೆಯರೆಂದು ನಂಬಿದವರ ಮೇಲೆ ಬರುವ ಕೋಪವೇ ಬೇರೆ. ಅದರೊಳಗೆ ಅಳುವೂ ಬೆರೆತಿರುತ್ತದೆ.

ಜಯರಾಮಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಮತ್ತೆ ಒರೆಸಿದರು.

“ಒಬ್ಬರು ಬಂದು ಹೇಳಿದರು. ನಾಲೆಗೆ ಹೊಸದಾಗಿ ಸೇತುವೆ ಹಾಕಿದ್ದಾರೆ, ಈಗ ವರ್ಷವಿಡೀ ಹೋಗಬಹುದು, ಗೆರೆ ತಿದ್ದಿ ಅಂದರು. ಶಾಯಿಯಲ್ಲಿ ಬರೆದದ್ದನ್ನ ಅಳಿಸಿದರೆ ಹಾಳೆ ಹರಿಯುತ್ತೆ. ಅದಕ್ಕೇ ಮೀನನ್ನ ಹಾಗೆ ಮಾಡಿದೆ.”

“ಶಾಯಿಯ ದಾರಿ ತಿದ್ದಬೇಕಾದರೆ ಆ ಕಡೆಯವರು ಇಬ್ಬರು ಬಂದು, ಇಬ್ಬರೂ ಜಾಗದ ಮೇಲೆ ಬೆರಳಿಟ್ಟು ಹೇಳಬೇಕು. ನಿಯಮ ಮಾಡಿದವರು ಯಾರು?”

“ನಾನೇ.”

“ಬಂದವರು ಎಷ್ಟು ಜನ?”

“ಒಬ್ಬ. ಆ ದಾರಿಯಲ್ಲಿ ದಿನಾ ಓಡಾಡೋನು. ಅವನಿಗಿಂತ ಇನ್ಯಾರಿಗೆ ಗೊತ್ತಿರುತ್ತೆ ಅಂತ ನಂಬಿದೆ. ಜೀಪು ಬಿದ್ದ ಸುದ್ದಿ ಬಂದಾಗ ಕೈಕಾಲೇ ಆಡಲಿಲ್ಲ. ನಿಯಮ ಮುರಿದವನು ನಾನೇ ಅಂತ ಗೊತ್ತಾದರೆ ಈ ಗೋಡೆಯ ಮೇಲಿನ ಒಂದು ಗೆರೆಯನ್ನೂ ಇನ್ನು ಯಾರೂ ನಂಬಲ್ಲ. ಆ ಹುಡುಗಿ ಹೊಸಬಳು, ತಿಳಿಯದೆ ಮಾಡಿದ್ದಾಳೆ ಅಂತ ಬಿಟ್ಟುಬಿಡ್ತಾರೆ ಅಂದುಕೊಂಡೆ.”

“ಯಾರು ಬಂದಿದ್ದು?”

ಅವರು ಕಿಟಕಿಯ ಕಡೆ ನೋಡಿದರು.

“ಮೇಷ್ಟ್ರೇ, ಬೆರಳಿಟ್ಟವನು ಯಾರು?”

“ರವೀಂದ್ರ.”

ನಾನು ಕುರ್ಚಿ ಎಳೆದುಕೊಂಡು ಕೂತೆ. ನಾಲೆಗೆ ಬಿದ್ದವನೇ ತನ್ನ ದಾರಿಯನ್ನು ತಿದ್ದಿಸಿದ್ದ. ಇಲ್ಲದ ಸೇತುವೆ ಇದೆ ಎಂದು ಸುಳ್ಳು ಹೇಳಿ, ಆ ಸುಳ್ಳನ್ನು ನಕಲು ಮಾಡಿಕೊಂಡು, ಅದೇ ದಾರಿಯಲ್ಲಿ ಹೋಗಿದ್ದ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಎನ್ನೋಣವೆಂದರೆ, ಹಳ್ಳ ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತಲ್ಲ.

ಏನಾದರಾಗಲಿ, ಪ್ರಮೀಳಾ ಗೆದ್ದಳು. ಗೆರೆ ಅವಳದಲ್ಲ. ಇದನ್ನು ಬರೆದುಕೊಡಿ ಎಂದು ಮೇಷ್ಟ್ರಿಗೆ ಹೇಳುವಷ್ಟರಲ್ಲಿ ಹೊರಗೆ ಬುಲೆಟ್ಟಿನ ಸದ್ದು ನಿಂತಿತು. ಶ್ರೀಕರ ಒಳಗೆ ಬಂದ. ಜಗಲಿಯ ಕಡೆ ಒಮ್ಮೆ ನೋಡಿ, ಬಾಗಿಲನ್ನು ಹಿಂದಿನಿಂದ ಮುಚ್ಚಿದ.

“ಬಂದ್ಯಾ? ಕೂತ್ಕೋ. ಈ ಹಾಳೆಯ ಹಿಂದೆ ಬೆರಳಾಡಿಸಿ ನೋಡು. ನಾನು ಹೇಳಲಿಲ್ವಾ, ನನ್ನ ಶಿಷ್ಯೆ…”

“ಅತ್ತೆ, ರವೀಂದ್ರನಿಗೆ ಪ್ರಜ್ಞೆ ಬಂತು.”

“ಒಳ್ಳೇದಾಯ್ತು! ಅವನನ್ನೇ ಕೇಳಬೇಕಿತ್ತು. ಏನಂದ?”

ಶ್ರೀಕರ ಟೋಪಿ ತೆಗೆಯಲಿಲ್ಲ. ನನ್ನೆದುರು ಅವನು ಟೋಪಿ ತೆಗೆಯದೆ ನಿಂತದ್ದು ಅದೇ ಮೊದಲು.

“ಕಣ್ಣು ಬಿಟ್ಟೋನು ಕೇಳಿದ್ದು ಒಂದೇ ಮಾತು. ‘ಪ್ರಮೀಳಾನ ನೀರಿಂದ ಎತ್ತುದ್ರಾ?’ ಅಂದ.”

ಮೇಷ್ಟ್ರ ಕೈಯಲ್ಲಿದ್ದ ಕನ್ನಡಕ ಮೇಜಿನ ಮೇಲೆ ಟಕ್ ಎಂದಿತು.

ಆಗ ನನಗೆ ನೊಗ ನೆನಪಾಯಿತು. ಪ್ರತಿವರ್ಷ ಜಾಲಿ ಮುಳ್ಳು. ಈ ವರ್ಷ ಮಾತ್ರ, ಅದೂ ನೀರು ಬಿಟ್ಟ ದಿನ, ನೊಗ ಕಟ್ಟಿದ್ದು. ಬೇಸಿಗೆಯಲ್ಲಿ ಮಾತ್ರ ಆ ದಾರಿ ಕಂಡವಳು ಬೆಳಿಗ್ಗೆ ನನ್ನೆದುರು ನಿಂತು ‘ಅಡ್ಡ ಕಟ್ಟಿದ್ದ ನೊಗ’ ಎಂದಿದ್ದಳು. ಅದನ್ನು ಕೇಳಿಯೂ ನಾನು ಜಂಬದಿಂದ ನನ್ನ ಶಿಷ್ಯೆ, ನನ್ನ ಜವಾಬ್ದಾರಿ ಎಂದು ಡಂಗುರ ಹೊಡೆದಿದ್ದೆ. ಈ ಹುಡುಗಿಗಾಗಿ ನಾನು ಹಳೆಯ ಗೆಳೆಯನ ಮಾನವನ್ನು ಈಗಷ್ಟೇ ಮೇಜಿನ ಮೇಲೆ ಹರಡಿದ್ದೆ.

“ನೀನು ಇಲ್ಲೇ ಇರು,” ಎಂದು ಶ್ರೀಕರನಿಗೆ ಹೇಳಿ ಜಗಲಿಗೆ ಬಂದೆ.

ಪ್ರಮೀಳಾ ಇನ್ನೂ ಪೆನ್ಸಿಲ್ ಹೆರೆಯುತ್ತಿದ್ದಳು. ಎಡಗೈಯಲ್ಲಿ. ಶಾಲೆಯಲ್ಲಿ ಅವಳು ಬಲಗೈಯಲ್ಲೇ ಬರೆಯುತ್ತಿದ್ದಳು. ಪಕ್ಕದಲ್ಲಿ ಕೂತು ಅವಳ ಸೆರಗನ್ನು ಮೆಲ್ಲಗೆ ಸರಿಸಿದೆ. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ತರಚಿ ಕಪ್ಪಾಗಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ನಾಲೆಯ ಕೆಂಪು ಮಣ್ಣು.

“ನೊಗ ನೋಡಿದ್ದು ಯಾವಾಗ, ಪ್ರಮೀಳಾ?”

ಅವಳು ಬ್ಲೇಡನ್ನು ಕೆಳಗಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಅವ್ನಿಗೆ ಎಚ್ಚರ ಆಯ್ತಾ, ಮೇಡಂ?”

“ಆಯಿತು. ನಿನ್ನನ್ನೇ ಕೇಳಿದನಂತೆ. ಅವನ ಜೊತೆ ಮಾತೇ ಇಲ್ಲ ಅಂದೆಯಲ್ಲ?”

ಅವಳು ಮುಚ್ಚಿದ ಬಾಗಿಲನ್ನು ಒಮ್ಮೆ, ಖಾಲಿ ರಸ್ತೆಯನ್ನು ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ನೊಗ ಬಿಚ್ಚಿದ್ದು ನಾನೇ. ಅವ್ರು ಬಿಚ್ಚು ಅಂದ್ರು, ಬಿಚ್ಚಿದೆ. ನನ್ನ ಎಲ್ಲಿಗ್ ಬೇಕಾದ್ರೂ ಕರ್ಕೊಂಡು ಹೋಗ್ಲಿ ಮೇಡಂ, ಆದ್ರೆ ರವೀಂದ್ರನ್ನ ಆಸ್ಪತ್ರೇಲಿ ಒಬ್ನೇ ಬುಡ್ಬೇಡಿ ಅಂತ ನಿಮ್ ಅಳಿಯಂಗೆ ಹೇಳಿ.”

“ಅವ್ರು ಅಂದರೆ ಯಾರು? ಒಬ್ಬನೇ ಬಿಟ್ಟರೆ ಏನಾಗುತ್ತೆ?”

ಎಡಗಡೆ ಸೀಟು, ಎಂದಿದ್ದಳು ಸಿದ್ದಲಿಂಗಮ್ಮ. ಜೀಪಿನ ಸ್ಟೀರಿಂಗು ಬಲಗಡೆ ಇರುತ್ತದೆ.

“ನೊಗ ಬಿಚ್ಚು ಅಂದೋರೇ. ಆವತ್ತು ಜೀಪು ಓಡುಸ್ತಿದ್ದದ್ದು ರವೀಂದ್ರ ಅಲ್ಲ, ಮೇಡಂ,” ಎಂದಳು ಪ್ರಮೀಳಾ.